ಕಡ ತಂದ ಕಾಲುಂಗುರ

ಮೊನ್ನೆ ಸಂಜಯನಗರದ ಔಷಧಿ ಅಂಗಡಿಯಲ್ಲಿ ಒಂದು ರಬ್ಬರ್ ಶೀಟು ಕೊಂಡೆ. ನಮ್ಮ ಕೆಳಗಿನ ಮನೆಯ ಹುಡುಗಿ ಬಾಣಂತಿ. ಕೂಸಿನ ಹಾಸಿಗೆಯ ಅಡಿಗೆ ಬೇಕೆಂದು ಅವಳ ಅತ್ತೆ ಹೇಳಿ ಕಳಿಸಿದ್ದರು. ಅಂಗಡಿಯ ಹುಡುಗ ಮೊದಲು ಆನೆಮರಿ, ಚಂದ್ರ, ನಕ್ಷತ್ರಗಳ ಚಿತ್ರವಿದ್ದ ಮೆತ್ತನೆಯ ಶೀಟುಗಳನ್ನು ತೋರಿಸಿದ. ನನ್ನ ಮುಖ ನೋಡಿ ಏನು ಅನ್ನಿಸಿತೋ, ಹಳೇ ಥರದ್ದೂ ಇದೆ ಎಂದು ಮೇಲಿನ ಹಲಗೆಯಿಂದ ಕಂದುಗೆಂಪು ಬಣ್ಣದ ಸುರುಳಿಯೊಂದನ್ನು ಇಳಿಸಿ ಬಿಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅರವತ್ತು ದಾಟಿದೆ ಎನ್ನುವುದು ಮರೆತುಹೋಯಿತು. ಹತ್ತೊಂಬತ್ತು ವರ್ಷದ ನಾನು ಯಶವಂತಪುರದ ಒಂದು ಕ್ಲಿನಿಕ್ಕಿನ ಎತ್ತರದ ಮೇಜಿನ ಮೇಲೆ, ಇಂಥದೇ ಶೀಟಿನ ಮೇಲೆ, ಮಂಡಿ ಮಡಚಿಕೊಂಡು ಸೂರು ನೋಡುತ್ತಾ ಮಲಗಿದ್ದೆ. ಹುಡುಗ ಎಷ್ಟು ಮೀಟರ್ ಬೇಕೆಂದು ಎರಡು ಸಲ ಕೇಳಬೇಕಾಯಿತು.

ಹೆಂಗಸರ ಡಾಕ್ಟರ ಬಳಿ ಮೊದಲ ಸಲ ಹೋದ ಕಥೆಯನ್ನು ಯಾರೂ ಬರೆಯುವುದಿಲ್ಲ. ಮೊದಲ ಸಲ ಸಮುದ್ರ ನೋಡಿದ್ದು, ರೈಲು ಹತ್ತಿದ್ದು, ಸೈಕಲ್ಲಿನಿಂದ ಬಿದ್ದದ್ದು ಎಲ್ಲಕ್ಕೂ ಪ್ರಬಂಧ ಉಂಟು. ಇದಕ್ಕೆ ಮಾತ್ರ ಇಲ್ಲ. ನೀವು ಹೆಂಗಸರಾದರೆ ನಿಮ್ಮದೂ ಒಂದು ಕಥೆ ಇದ್ದೇ ಇರುತ್ತದೆ, ಇಲ್ಲದಿದ್ದರೆ ನಿಮ್ಮ ಮನೆಯ ಯಾರದ್ದೋ ಇರುತ್ತದೆ. ನಿಮಗೆ ಸಂಕೋಚವಾದರೆ ಎರಡು ಪುಟ ಹಾರಿಸಿ ಮುಂದೆ ಹೋಗಿ, ನನಗೇನೂ ಬೇಸರವಿಲ್ಲ.

ಆಗ ನಾವಿದ್ದದ್ದು ಶೆಟ್ಟಿಹಳ್ಳಿಯಲ್ಲಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಗದಗ ಬಿಟ್ಟು ಬಂದು ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದರು. ಊರು ಇನ್ನೂ ಊರೇ ಆಗಿತ್ತು. ಮನೆ ಹಿಂದೆ ರಾಗಿ ಹೊಲ, ಮುಂದೆ ದನದ ಕೊಟ್ಟಿಗೆ, ನಡುವೆ ಹಂಚಿನ ಎರಡು ಕೋಣೆಯಲ್ಲಿ ಅಪ್ಪ, ಅವ್ವ, ನಾವು ನಾಲ್ಕು ಮಕ್ಕಳು. ಮನೆಯ ಒಡತಿ ಮುನಿರತ್ನಮ್ಮ ಪಕ್ಕದಲ್ಲೇ ಇದ್ದರು. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ಅರ್ಧ ಅರ್ಥವಾಗುತ್ತಿದ್ದ ಕಾಲದಲ್ಲೇ ಅವ್ವನಿಗೂ ಅವರಿಗೂ ಗಳಸ್ಯಕಂಠಸ್ಯ ಸ್ನೇಹ ಬೆಳೆದಿತ್ತು. ಅವ್ವ ರೊಟ್ಟಿ ಕೊಡುವುದು, ಅವರು ಹಾಲು ಕೊಡುವುದು, ಇಬ್ಬರೂ ಕೂಡಿ ನಮ್ಮ ಮೇಲೆ ಚಾಡಿ ಹೇಳಿಕೊಳ್ಳುವುದು ದಿನಾ ನಡೆಯುತ್ತಿತ್ತು.

ನನಗೆ ಮುಟ್ಟಿನ ನೋವು. ನೋವು ಎಂದರೆ ಹೊಟ್ಟೆ ಹಿಡಿದುಕೊಂಡು ಎರಡು ದಿನ ನೆಲದ ಮೇಲೆ ಹೊರಳಾಡುವಷ್ಟು, ವಾಂತಿಯಾಗುವಷ್ಟು, ಕಣ್ಣು ಕತ್ತಲೆ ಬರುವಷ್ಟು. ಅವ್ವ ಅಜವಾನದ ಕಷಾಯ ಮಾಡಿ ಕುಡಿಸುತ್ತಿದ್ದಳು. ಮುನಿರತ್ನಮ್ಮ ಹರಳೆಣ್ಣೆ ತಿಕ್ಕುತ್ತಿದ್ದರು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವ ವಿಷಯದಲ್ಲಿ ಗದಗಕ್ಕೂ ಶೆಟ್ಟಿಹಳ್ಳಿಗೂ ಭಿನ್ನಾಭಿಪ್ರಾಯವೇ ಇರಲಿಲ್ಲ.

ಆದರೆ ಆ ವರ್ಷ ವಿಷಯ ಕುತ್ತಿಗೆಗೆ ಬಂದಿತ್ತು. ನಾನು ಮಲ್ಲೇಶ್ವರದ ಕಾಲೇಜೊಂದರಲ್ಲಿ ಬಿಎಸ್ಸಿ ಓದುತ್ತಿದ್ದೆ. ಹಿಂದಿನ ವರ್ಷ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ನೋವು ಬಂದು, ಕಪ್ಪೆಯ ಮುಂದೆ ಕತ್ತರಿ ಹಿಡಿದವಳು ಕಪ್ಪೆಗಿಂತ ಮೊದಲೇ ನೆಲ ಹಿಡಿದಿದ್ದೆ. ಫೇಲಾದೆ. ಈ ಸಲ ಮತ್ತೆ ಕೂರಬೇಕಿತ್ತು, ಲೆಕ್ಕ ಹಾಕಿ ನೋಡಿದರೆ ತಾರೀಖು ಮತ್ತೆ ಅಲ್ಲಿಗೇ ಬರುತ್ತಿತ್ತು. ಗದಗದ ಕಡೆಯ ಒಂದು ಸಂಬಂಧ ಬಾಗಿಲು ತಟ್ಟುತ್ತಿತ್ತು. ಈ ಸಲವೂ ಹೋದರೆ ಓದು ಸಾಕು, ಮದುವೆ ಮಾಡಿ ಕೈ ತೊಳೆದುಕೊಳ್ಳುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದರು. ಅವರು ಕೆಟ್ಟವರಲ್ಲ, ಅವರಿಗೆ ಯಾರೂ ಕಾರಣ ಹೇಳಿರಲಿಲ್ಲ ಅಷ್ಟೆ. ಮಗಳಿಗೆ ತಲೆಸುತ್ತು ಎಂದು ಮಾತ್ರ ಅವರಿಗೆ ಗೊತ್ತಿತ್ತು.

ನನ್ನ ಅಳು ನೋಡಲಾರದೆ ಅವ್ವ ಡಾಕ್ಟರಿಗೆ ತೋರಿಸುವ ನಿರ್ಧಾರ ಮಾಡಿದಳು. ಯಶವಂತಪುರದಲ್ಲಿ ಒಬ್ಬರು ಹೆಂಗಸರ ಡಾಕ್ಟರಿದ್ದರು. ತೊಂದರೆ ಇದ್ದದ್ದು ಅವರ ಬಾಗಿಲ ಮೇಲಿನ ಬೋರ್ಡಿನಲ್ಲಿ: ಹೆರಿಗೆ ಮತ್ತು ಸ್ತ್ರೀರೋಗ. ಆ ಬೋರ್ಡಿನ ಕೆಳಗೆ ಮದುವೆಯಾಗದ ಹುಡುಗಿ ಕಾಣಿಸಿಕೊಂಡರೆ ಸಂಜೆಯೊಳಗೆ ಅಪ್ಪನ ಕಾರ್ಖಾನೆಯ ಕ್ಯಾಂಟೀನಿಗೆ ಸುದ್ದಿ ಮುಟ್ಟುತ್ತದೆ, ವಾರದೊಳಗೆ ಗದಗಕ್ಕೆ. ಅವ್ವ ಮುನಿರತ್ನಮ್ಮನ ಬಳಿ ಹೋಗಿ ಗೋಳು ಹೇಳಿಕೊಂಡಳು. ಅವರಿಗೆ ಉಪಾಯ ಹೊಳೆಯಲು ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತೂ ಬೇಕಾಗಲಿಲ್ಲ.

"ತಾಳಿ ಕೊಡಕಾಯ್ತದಾ? ಅದು ಬ್ಯಾಡ. ಕರಿಮಣಿ ಸರ ತಕೊಂಡೋಗಿ, ಕಾಲುಂಗ್ರ ನಮ್ ಸೊಸೇದು ಅವೆ. ಇಂಗೆ ಆಕ್ಕೊಂಡು ಓದ್ರೆ ಯಾರೂ ಏನೂ ಕೇಳಾಕಿಲ್ಲ," ಎಂದರು.

ಹೀಗೆ ಒಂದು ಗುರುವಾರ ಬೆಳಿಗ್ಗೆ, ಮಂಟಪವಿಲ್ಲದೆ, ವರನಿಲ್ಲದೆ, ಊಟವಿಲ್ಲದೆ ನಾನು ಮದುವಣಗಿತ್ತಿಯಾದೆ. ಮುನಿರತ್ನಮ್ಮನ ಸೊಸೆಯ ಕಾಲ್ಬೆರಳು ನನ್ನದಕ್ಕಿಂತ ದಪ್ಪ. ಕಾಲುಂಗುರ ಜಾರುತ್ತಿದ್ದವು. ಅವ್ವ ಬಿಳಿ ದಾರ ಸುತ್ತಿ ಬಿಗಿ ಮಾಡಿದಳು. ಅವ್ವನ ಒಂದು ಸೀರೆ ಉಟ್ಟು, ಬೆರಳು ಮೇಲೆತ್ತಿಕೊಂಡು, ಕಾಲುಂಗುರ ಎಲ್ಲಿ ಬಿದ್ದೀತೋ ಎಂದು ನೆಲ ನೋಡುತ್ತಾ ನಡೆದೆ. ಅದನ್ನು ಕಂಡವರು ಹೊಸ ಮದುಮಗಳ ನಾಚಿಕೆ ಎಂದುಕೊಂಡಿರಬೇಕು. ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು 'ಅಮ್ಮಾ' ಎಂದ. ಸಂಕೋಚ, ಭಯ ಎಲ್ಲದರ ನಡುವೆಯೂ ನನಗೆ ಅದು ಒಂದಿಷ್ಟು ಹಿತವಾಯಿತು ಎನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಒತ್ತೊತ್ತಾಗಿ ಹೆಂಗಸರು. ಪಕ್ಕದಾಕೆ ಎಷ್ಟು ತಿಂಗಳು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಇನ್ನೂ ಏನೂ ಇಲ್ಲ ಎಂದಳು. ಗಂಡ ಏನು ಮಾಡುತ್ತಾನೆ? ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ. ಅತ್ತೆ ಹೇಗೆ? ಬಂಗಾರದಂಥಾಕೆ. ಜನ್ಮದಲ್ಲಿ ಸುಳ್ಳು ಹೇಳದ ನಮ್ಮವ್ವ ಒಂದೊಂದಾಗಿ ನನಗೊಂದು ಸಂಸಾರ ಕಟ್ಟಿಕೊಡುತ್ತಿದ್ದರೆ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಇನ್ನೂ ಕಾಲು ಗಂಟೆ ಕೂತಿದ್ದರೆ ಅವನಿಗೆ ಬಡ್ತಿಯೂ ಸಿಕ್ಕಿಬಿಡುತ್ತಿತ್ತು. ಅಷ್ಟರಲ್ಲಿ ನರ್ಸು ಬಂದು ಚೀಟಿಯಲ್ಲಿ ನನ್ನ ಹೆಸರಿನ ಹಿಂದೆ ಶ್ರೀಮತಿ ಎಂದು ಬರೆದುಕೊಂಡು ಒಳಗೆ ಕರೆದಳು.

ಅವ್ವನ ತಪ್ಪು ಎಲ್ಲಿತ್ತು ನೋಡಿ. ಡಾಕ್ಟರು ಎಂದರೆ ನಾಡಿ ಹಿಡಿದು, ನಾಲಿಗೆ ನೋಡಿ, ಗುಳಿಗೆ ಕೊಡುವವರು ಎಂದಷ್ಟೇ ಅವಳಿಗೆ ಗೊತ್ತಿತ್ತು. ನಾವು ನಾಲ್ವರೂ ಹುಟ್ಟಿದ್ದು ಗದಗದ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಮದುವೆಯಾದವಳನ್ನು ಪರೀಕ್ಷೆ ಮಾಡುವ ರೀತಿಯೇ ಬೇರೆ, ಆಗದವಳದ್ದೇ ಬೇರೆ ಎನ್ನುವುದು ಅವಳ ಕನಸಿನಲ್ಲೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಜಿರಲೆಯ ಜನನಾಂಗದ ಚಿತ್ರವನ್ನು ಕಣ್ಣು ಮುಚ್ಚಿ ಬರೆದು ಹೆಸರು ಗುರುತಿಸಬಲ್ಲ ವಿದ್ಯಾರ್ಥಿನಿ ನಾನು. ನನ್ನ ಹೊಟ್ಟೆಯೊಳಗೆ ಏನಿದೆ ಎಂದರೆ ಕರುಳು ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಸೊಂಟದ ಕೆಳಗಿನ ಯಾವುದಕ್ಕೂ ಹೆಸರಿರಲಿಲ್ಲ, ಎಲ್ಲಕ್ಕೂ 'ಅಲ್ಲಿ' ಎಂದರೆ ಮುಗಿಯಿತು.

ಡಾಕ್ಟರಮ್ಮ ಐವತ್ತರ ಆಸುಪಾಸಿನವರು, ಗಿಡ್ಡ ಆಳು. ಕೈಮಗ್ಗದ ಸೀರೆಯ ಮೇಲೆ ತೋಳು ಮಡಚಿದ ಬಿಳಿ ಕೋಟು. ಮದುವೆಯಾಗಿ ಎಷ್ಟು ದಿನವಾಯಿತು ಎಂದು ನನ್ನನ್ನು ಕೇಳಿದರು. ಆರು ತಿಂಗಳು ಎಂದು ಅವ್ವ ಹೇಳಿದಳು. ಕೊನೆಯ ಮುಟ್ಟು ಯಾವಾಗ, ಎಷ್ಟು ದಿನ, ನೋವು ಎಲ್ಲಿ, ಎಲ್ಲ ಪ್ರಶ್ನೆ ನನಗೆ, ಎಲ್ಲ ಉತ್ತರ ಅವ್ವನದು. ಐದಾರು ಪ್ರಶ್ನೆಯಾದ ಮೇಲೆ ಅವರು ಪೆನ್ನು ಕೆಳಗಿಟ್ಟು, ಅಮ್ಮ ಸ್ವಲ್ಪ ಹೊರಗೆ ಕೂತಿರಲಿ ಎಂದು ಮೆತ್ತಗೆ ಹೇಳಿದರು. ಅವ್ವ ಹೊರಗೆ ಹೋಗುವಾಗ ತಿರುಗಿ ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ಬಾಯಿ ಬಿಡಬೇಡ ಎನ್ನುವ ನೋಟ.

ಒಳಕೋಣೆಯಲ್ಲಿ ಬಟ್ಟೆಯ ಮರೆ, ಅದರ ಹಿಂದೆ ಎತ್ತರದ ಮೇಜು, ರಬ್ಬರ್ ಶೀಟು, ಅದರ ಮೇಲೆ ಒಗೆದು ಮಡಚಿದ ಬಿಳಿ ಬಟ್ಟೆ. ಮೊದಲು ಬಚ್ಚಲಿಗೆ ಹೋಗಿ ಬನ್ನಿ, ಹೊಟ್ಟೆ ಹಗುರ ಇದ್ದರೆ ನಿಮಗೆ ಕಷ್ಟವಾಗಲ್ಲ ಎಂದರು. ನನ್ನನ್ನು 'ನೀವು' ಎಂದ ಮೊದಲ ದೊಡ್ಡವರು ಅವರು. ಮಲಗಿಸಿ, ಮೊಣಕಾಲು ಮಡಚಲು ಹೇಳಿ, ಮೇಲೆ ದುಪ್ಪಟಿ ಹೊದಿಸಿದರು. ಆಮೇಲೆ ಏನನ್ನೂ ಮಾಡದೆ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತರು.

"ನೋಡಿ, ನಾನು ಏನ್ ಮಾಡಿದ್ರೂ ಮೊದಲು ನಿಮಗೆ ಹೇಳಿ ಮಾಡ್ತೀನಿ. ಬೇಡ ಅಂತ ನೀವು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಆಯ್ತಾ?"

ಹತ್ತೊಂಬತ್ತು ವರ್ಷದಲ್ಲಿ ನನ್ನ ಕಿವಿ ಚುಚ್ಚಿದ್ದರು, ಜಡೆ ಕತ್ತರಿಸಿದ್ದರು, ಹರಳೆಣ್ಣೆ ಕುಡಿಸಿದ್ದರು, ಹುಟ್ಟಿದ ಊರು ಬಿಡಿಸಿದ್ದರು, ಆವತ್ತು ಬೆಳಿಗ್ಗೆಯಷ್ಟೇ ಕಾಲುಂಗುರವನ್ನೂ ತೊಡಿಸಿದ್ದರು. ಯಾರೂ ಆಯ್ತಾ ಎಂದು ಕೇಳಿರಲಿಲ್ಲ. ಬೇಡ ಎನ್ನುವ ಮಾತು ನನ್ನ ಕೈಯಲ್ಲಿದೆ ಎಂದು ಆ ಗಿಡ್ಡ ಹೆಂಗಸು ಎಷ್ಟು ಸಲೀಸಾಗಿ ಹೇಳಿಬಿಟ್ಟರು!

ಅವರು ಬಿಸಿನೀರಿನ ತಟ್ಟೆಯಿಂದ ಸ್ಟೀಲಿನ ಒಂದು ಉಪಕರಣ ಎತ್ತಿ ನನಗೆ ತೋರಿಸಿದರು. ಬಾತುಕೋಳಿಯ ಕೊಕ್ಕಿನ ಹಾಗಿತ್ತು. ಇದರಿಂದ ಒಳಗೆ ಗರ್ಭಕೋಶದ ಬಾಯಿ ನೋಡುತ್ತೇವೆ, ತಣ್ಣಗಿರಬಾರದು ಅಂತ ಬಿಸಿನೀರಲ್ಲಿ ಇಟ್ಟಿರ್ತೀವಿ, ಮದುವೆಯಾದವರಿಗೆ ಹೀಗೆ ನೋಡಿದರೆ ಅಷ್ಟೇನೂ ನೋಯಲ್ಲ, ಉಸಿರು ಬಿಗಿ ಹಿಡಿಯಬಾರದು ಅಷ್ಟೆ ಎಂದು ವಿವರಿಸಿದರು. ಮದುವೆಯಾದವರಿಗೆ ಎನ್ನುವ ಮಾತು ಕೇಳಿದ್ದೇ ನನ್ನ ಕಾಲು ನಡುಗತೊಡಗಿತು. ಆ ನಡುಕಕ್ಕೆ ದಾರ ಸಡಿಲವಾಗಿ ಎಡಗಾಲಿನ ಕಾಲುಂಗುರ ಟಣ್ಣೆಂದು ನೆಲಕ್ಕೆ ಬಿತ್ತು.

ಡಾಕ್ಟರಮ್ಮ ಬಗ್ಗಿ ಅದನ್ನು ಎತ್ತಿಕೊಂಡರು. ಸುತ್ತಿದ್ದ ಬಿಳಿ ದಾರ ನೋಡಿದರು. ನನ್ನ ಮುಖ ನೋಡಿದರು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮತ್ತೆ ಸ್ಟೂಲಿನ ಮೇಲೆ ಕೂತರು. ಹೊರಗೆ ಬೆಂಚಿನ ಮೇಲೆ ಕೂತ ಅವ್ವ, ಅವಳು ಕಟ್ಟಿದ ಹುಬ್ಬಳ್ಳಿಯ ಅಳಿಯ, ಗದಗದ ಸಂಬಂಧ, ಅಪ್ಪನ ಮರ್ಯಾದೆ ಎಲ್ಲ ಒಂದು ಕಡೆ. ನಾನು ಒಬ್ಬಳೇ ಇನ್ನೊಂದು ಕಡೆ.

"ನನಗ ಮದುವಿ ಆಗಿಲ್ರಿ," ಎಂದೆ. ದನಿ ನನ್ನದೇ ಎಂದು ನಂಬಲಾಗಲಿಲ್ಲ.

ಅವರು ಉಪಕರಣವನ್ನು ತಟ್ಟೆಯೊಳಗೆ ವಾಪಸು ಇಟ್ಟು ಮುಚ್ಚಿದರು. "ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಹಾಗಾದ್ರೆ ಇದು ನಿಮಗೆ ಬೇಡವೇ ಬೇಡ. ಹೊಟ್ಟೆ ಮೇಲಿಂದ ನೋಡ್ತೀನಿ, ಸಾಕು."

ಬೈಗುಳವಿಲ್ಲ, ಉಪದೇಶವಿಲ್ಲ. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಈಗ ಇಲ್ಲಿ ಒತ್ತುತ್ತೇನೆ, ಈಗ ಸ್ವಲ್ಪ ಕೆಳಗೆ, ನೋವಾದರೆ ಹೇಳಿ ಎನ್ನುತ್ತಾ ಬೆರಳ ತುದಿಯಿಂದ ಹೊಟ್ಟೆಯೆಲ್ಲ ನೋಡಿದರು. ಮೂರು ನಿಮಿಷವೂ ಹಿಡಿಯಲಿಲ್ಲ. ಎದ್ದು ಕೂತ ಮೇಲೆ ನನ್ನ ಕೈ ಮುಷ್ಟಿ ಕಟ್ಟಿಸಿ, ನಿಮ್ಮ ಗರ್ಭಕೋಶ ಇದಕ್ಕಿಂತ ಚಿಕ್ಕದು ಎಂದರು. ಔಷಧಿ ಚೀಟಿಯ ಹಿಂದೆ ಪೆನ್ನಿನಿಂದ ಚಿತ್ರ ಬರೆದು ಒಂದೊಂದಕ್ಕೂ ಹೆಸರು ಹೇಳಿದರು. ಮುಟ್ಟಿನಲ್ಲಿ ಅದು ಹಿಂಡಿಕೊಳ್ಳುತ್ತದೆ, ಕೆಲವರಿಗೆ ಜೋರಾಗಿ, ಅದಕ್ಕೇ ನೋವು. ನಿಮ್ಮಲ್ಲಿ ನನ್ನ ಕೈಗೆ ಯಾವ ದೋಷವೂ ಸಿಗಲಿಲ್ಲ. ಈ ಗುಳಿಗೆಯನ್ನು ನೋವು ಬಂದ ಮೇಲೆ ಅಲ್ಲ, ಬರುವ ಸೂಚನೆ ಕಂಡ ಕೂಡಲೇ ಊಟದ ಮೇಲೆ ನುಂಗಬೇಕು. ಎರಡು ತಿಂಗಳು ನೋಡೋಣ, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ. ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. ಕಪ್ಪೆಯೊಳಗೆ, ಜಿರಲೆಯೊಳಗೆ ಇಣುಕಿ ಬೆರಗಾಗಿದ್ದವಳಿಗೆ ನನ್ನೊಳಗೂ ಇಂಥದೊಂದು ಅಚ್ಚುಕಟ್ಟಾದ ಏರ್ಪಾಡು ಇದೆ ಎಂದು ಅವತ್ತು ಗೊತ್ತಾಯಿತು. ಹೆಮ್ಮೆಯಾಯಿತು ಎಂದರೆ ನಗಬೇಡಿ.

ಅವ್ವನನ್ನು ಒಳಗೆ ಕರೆದು, ಬಾಗಿಲು ಹಾಕಿ, ಡಾಕ್ಟರಮ್ಮ ಕಾಲುಂಗುರವನ್ನು ಅವಳ ಕೈಗೆ ಕೊಟ್ಟರು. ಮುಂದಿನ ಸಲ ಇದೆಲ್ಲ ಬೇಡ, ಮಗಳಿಗೆ ಹೊಟ್ಟೆನೋವು ಎಂದು ಬನ್ನಿ, ಸುಳ್ಳು ನಂಬಿ ನಾನು ಪರೀಕ್ಷೆ ಮಾಡಿದ್ದರೆ ಅವಳಿಗೆ ನೋವಾಗುತ್ತಿತ್ತು ಎಂದಷ್ಟೇ ಹೇಳಿದರು. ಚೀಟಿಯಲ್ಲಿ ನರ್ಸು ಬರೆದಿದ್ದ ಶ್ರೀಮತಿಯನ್ನು ಹೊಡೆದುಹಾಕಿ ಬರೀ ಹೆಸರು ಉಳಿಸಿದರು. ಅವ್ವ ತಲೆ ತಗ್ಗಿಸಿ ನಿಂತಿದ್ದಳು.

ಬಸ್ಸಿಗೆ ಕಾಯುವಾಗ ನನಗೆ ಬೈಗುಳ ಖಾತ್ರಿ ಎಂದುಕೊಂಡಿದ್ದೆ. ಅವ್ವ ಕೇಳಿದ್ದು ಬೇರೆಯೇ. ನೋವಾಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಬೈದರೇ ಎಂದಳು. ಇಲ್ಲ ಎಂದೆ. ಮಲಗಿಸಿ ಬಟ್ಟೆ ಹೊದಿಸುತ್ತಾರೆಯೇ ಎಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ಹೇಳಿ ಮಾಡ್ತೀನಿ ಎಂದ ಮಾತನ್ನೂ.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಸೊಂಟ ಹಿಡಿದ ಕೂಡಲೇ ಗುಳಿಗೆ ನುಂಗಿದೆ. ನೋವು ಬಂತು, ಆದರೆ ನಿಂತು ಕೆಲಸ ಮಾಡುವಷ್ಟೇ ಬಂತು. ಕಪ್ಪೆಯನ್ನು ಕೊಯ್ದು, ಚಿತ್ರ ಬರೆದು, ಮನೆಗೆ ನನ್ನ ಕಾಲ ಮೇಲೆ ನಡೆದು ಬಂದೆ. ಪಾಸಾದೆ. ಗದಗದ ಸಂಬಂಧ ಎರಡು ವರ್ಷ ಮುಂದಕ್ಕೆ ಹೋಗಿ, ಬೇಸತ್ತು, ಬೇರೆ ಮನೆ ಹುಡುಕಿಕೊಂಡಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಫಲಿತಾಂಶ ಬಂದ ವಾರ, ಒಂದು ಮಧ್ಯಾಹ್ನ ಅವ್ವ ಗೋಡೆಗೆ ಒರಗಿ ನಿಂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವ್ವ ಯಾವತ್ತೂ ಹಾಗೇ; ಕುಕ್ಕರುಗಾಲಲ್ಲಿ ಕೂರುತ್ತಿರಲಿಲ್ಲ, ನೀರಿನ ಕೊಡ ಎತ್ತುತ್ತಿರಲಿಲ್ಲ, ಜಾತ್ರೆ ಸಂತೆ ಎಂದರೆ ಬರಲೊಲ್ಲೆ ಎನ್ನುತ್ತಿದ್ದಳು. ನಾವು ಮಕ್ಕಳು ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟು ನಗುತ್ತಿದ್ದೆವು. ಆ ಹೆಸರು ಇಟ್ಟವಳು ನಾನೇ.

"ಆ ಡಾಕ್ಟರಮ್ಮಗ ನನ್ನೂ ಒಮ್ಮೆ ತೋರಸ್ತೀಯೇನವಾ?" ಎಂದಳು, ಅಕ್ಕಿಯಿಂದ ಕಣ್ಣೆತ್ತದೆ. "ಹೋದ ಕೂಡ್ಲೆ ಏನೇನ್ ಮಾಡ್ತಾರ, ಒಂದೊಂದ ಹೇಳು."

ನಾನು ಒಂದೊಂದಾಗಿ ಹೇಳಿದೆ. ನಾಲ್ಕು ಹೆತ್ತವಳು, ನನಗೆ ಅಕ್ಷರ ಕಲಿಸಿದವಳು, ಮೊರವನ್ನು ಎದೆಗವಚಿಕೊಂಡು ಪುಟ್ಟ ಹುಡುಗಿಯ ಹಾಗೆ ಕೇಳುತ್ತಿದ್ದಳು. ಮೊದಲು ಬಚ್ಚಲಿಗೆ ಹೋಗಬೇಕು ಎಂದಾಗ ತಲೆಯಾಡಿಸಿದಳು. ಆ ಬಾತುಕೋಳಿಯ ಕೊಕ್ಕಿನಂಥದ್ದು ಬೆಚ್ಚಗಿರುತ್ತದೆ ಎಂದಾಗ ಖರೇನಾ ಎಂದು ಎರಡು ಸಲ ಕೇಳಿದಳು.

ಅವಳ ಪರೀಕ್ಷೆಗೆ ನಾನು ಒಳಗೇ ಇದ್ದೆ. ಮಗಳು ಹೊರಗಿರಲೇ ಎಂದು ಡಾಕ್ಟರಮ್ಮ ಕೇಳಿದರು, ಅವ್ವ ಹಿಡಿದುಕೊಳ್ಳಲು ನನ್ನ ಕೈ ಬೇಕೆಂದಳು. ಅದೇ ಮೇಜು, ಅದೇ ಮಾತು, ಅದೇ ಆಯ್ತಾ. ಅವ್ವ ಕಣ್ಣು ಮುಚ್ಚಿಕೊಂಡು ಹೂಂ ಎಂದಳು. ಡಾಕ್ಟರಮ್ಮ ನೋಡಿದರು, ಮತ್ತೆ ಬೆರಳಿನಿಂದ ನೋಡಿದರು, ಕೆಮ್ಮಲು ಹೇಳಿ ಮತ್ತೊಮ್ಮೆ ನೋಡಿದರು. ಗರ್ಭಕೋಶ ಪೂರ್ತಿ ಕೆಳಗೆ ಜಾರಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಸಣ್ಣವ ಹುಟ್ಟಿದಾಗಿನಿಂದ ಎಂದಳು ಅವ್ವ. ಅವನಿಗೆ ಎಷ್ಟು ವರ್ಷ? ಹನ್ನೊಂದು.

"ಹನ್ನೊಂದು ವರ್ಷ ಯಾರಿಗೂ ಹೇಳ್ಲಿಲ್ವಾ ನೀವು?"

"ಯಾರ ಮುಂದ ಹೇಳಬೇಕಿತ್ರಿ? ಕೇಳಿದವರಂದ್ರ ನೀವ ಮೊದಲು."

ಡಾಕ್ಟರಮ್ಮ ಕೈಗವಸು ತೆಗೆದು ಅವ್ವನ ಹಣೆಯ ಮೇಲೆ ಕೈಯಿಟ್ಟರು. ನನಗೆ ಅವ್ವನ ಮುಖ ಕಾಣಲಿಲ್ಲ, ಕಣ್ಣು ತುಂಬಿತ್ತು. ಹನ್ನೊಂದು ವರ್ಷ ಅವ್ವ ಅದನ್ನು ಹೊತ್ತುಕೊಂಡು ರೊಟ್ಟಿ ತಟ್ಟಿದ್ದಳು, ಬಟ್ಟೆ ಒಗೆದಿದ್ದಳು, ನನ್ನ ಹೊಟ್ಟೆನೋವಿಗೆ ಕಷಾಯ ಕಾಸಿದ್ದಳು. ನಾವು ನಗುತ್ತಿದ್ದೆವು. ಎರಡು ತಿಂಗಳ ಮೇಲೆ ಆಪರೇಷನ್ ಆಯಿತು. ಮೈ ಸುಧಾರಿಸಿದ ಮೇಲೆ ಒಂದು ದಿನ ಅವ್ವ ಮುನಿರತ್ನಮ್ಮನ ಜೊತೆ ನಡೆದುಕೊಂಡೇ ಜಾಲಹಳ್ಳಿಗೆ ಹೋಗಿ, ಬಳೆ ಇಡಿಸಿಕೊಂಡು, ನಡೆದುಕೊಂಡೇ ಬಂದಳು. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನಮಗೆಲ್ಲ ಬಳೆ ತೋರಿಸಿದಳು. ನಾನು ನೋಡಿದ್ದು ಬಳೆಯನ್ನಲ್ಲ.

ಆಮೇಲೆ ನಾನು ಟೀಚರಾದೆ, ಮದುವೆಯೂ ಆಯಿತು. ಕಪ್ಪೆಯ ಪಾಠದ ಜೊತೆ ಹುಡುಗಿಯರಿಗೆ ಅವರ ಒಳಗಿನ ಪಾಠವನ್ನೂ ಮಾಡಿದೆ. ಮೊದಲ ಸಲ ಡಾಕ್ಟರ ಬಳಿ ಹೋಗುವ ಎಷ್ಟೋ ಹೆಣ್ಣುಮಕ್ಕಳಿಗೆ ಏನಾಗುತ್ತದೆ, ಹೇಗಾಗುತ್ತದೆ, ಬೇಡ ಎನ್ನುವ ಹಕ್ಕು ನಿಮ್ಮದು, ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ ಎಂದೆಲ್ಲ ಹೇಳಿ ಕಳಿಸಿದ್ದೇನೆ. ಕೆಳಗಿನ ಮನೆಯ ಈ ಬಾಣಂತಿಗೂ ಹೇಳಿದ್ದೆ. ಈ ವಿಷಯದಲ್ಲಿ ನಮ್ಮ ಬೀದಿಗೆ ನಾನೇ ಪಂಡಿತೆ.

ರಬ್ಬರ್ ಶೀಟನ್ನು ಕೆಳಗಿನ ಮನೆಗೆ ಕೊಟ್ಟು, ಮೇಲೆ ಬಂದು ಇದನ್ನೆಲ್ಲ ಬರೆಯಲು ಕೂತೆ. ನಿಮ್ಮ ಜೊತೆ ಇಷ್ಟು ದೂರ ಬಂದ ಮೇಲೆ ಒಂದು ಮಾತು ಮುಚ್ಚಿಟ್ಟುಕೊಂಡಿರುವುದು ಸರಿಯಲ್ಲ. ನನಗೆ ಮುಟ್ಟು ನಿಂತು ಹದಿನೈದು ವರ್ಷವಾಗಿದೆ. ಈಗ ಮೂರು ವಾರದಿಂದ ಮತ್ತೆ ರಕ್ತದ ಕಲೆ ಕಾಣುತ್ತಿದೆ. ಹಾಗೆ ಕಂಡರೆ ಒಂದು ದಿನವೂ ತಡ ಮಾಡಬಾರದೆಂದು ನಾನೇ ಹತ್ತು ಜನಕ್ಕೆ ಹೇಳಿದ್ದೇನೆ. ನಮ್ಮವರಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ, ಉಷ್ಣ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಎಳನೀರು ಕುಡಿಯುತ್ತಿದ್ದೇನೆ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆನೇನೋ.

ಅವ್ವನ ಹನ್ನೊಂದು ವರ್ಷ ಬರೆದು ಮುಗಿಸಿ ಪೆನ್ನು ಕೆಳಗಿಟ್ಟೆ. ಕೆಂಪಾಪುರದ ಆಸ್ಪತ್ರೆಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಹೆಸರು, ವಯಸ್ಸು ಬರೆದುಕೊಂಡು, ಏನ್ ತೊಂದ್ರೆ ಮೇಡಂ, ಎಷ್ಟು ದಿನದಿಂದ ಎಂದು ಕೇಳಿದಳು. ಪಕ್ಕದ ಕೋಣೆಯಲ್ಲಿ ನಮ್ಮವರು ಪೇಪರ್ ಓದುತ್ತಿದ್ದರು. ಬಾಗಿಲು ತೆರೆದೇ ಇತ್ತು. ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.